ಉರಿಯ ನೆರೆಯಲ್ಲಿ ಎಣ್ಣೆ

ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಇನ್ನೂ ಅಪಾರವಾದ ಶಕ್ತಿ ಉಳಿದಿರುತ್ತದೆಂಬುದನ್ನು ಮನಗಂಡು, ಆ ಶಕ್ತಿಯಿಂದಲೇ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಪಡೆದನು. ಹಡಗಿನ ಡೀಸೆಲ್ ಎಂಜಿನ್ನುಗಳಲ್ಲಿ ಅದು ಫಲಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಈ ಉಪಾಯದ ಸಾಧನವಾದ ಟರ್ಬೊಚಾರ್ಜರಿನ ರಚನೆಯೇನೋ ಸರಳವೇ: ಒಂದೇ ಶಾಫ್ಟಿನ ಈ ತುದಿಯಲ್ಲಿ ಹೊಗೆಯ ರಭಸಕ್ಕೆ ತಿರುಗುವ ಟರ್ಬೈನ್ ಚಕ್ರ, ಆ ತುದಿಯಲ್ಲಿ ಗಾಳಿಯನ್ನೊತ್ತುವ ಕಂಪ್ರೆಸರ್ ಚಕ್ರ. ಆದರೆ ಕಾರಿನ ಟರ್ಬೊದಲ್ಲಿ ಈ ಶಾಫ್ಟು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ; ಟರ್ಬೈನಿಗೆ ಬಡಿಯುವ ಅನಿಲದ ಉಷ್ಣತೆ ಡೀಸೆಲ್ಲಿನಲ್ಲಿ 700-800 ಡಿಗ್ರಿ ಸೆಲ್ಸಿಯಸ್, ಪೆಟ್ರೋಲಿನಲ್ಲಿ 1000 ಡಿಗ್ರಿಯ ಸಮೀಪ. ಇಂಥ ಉರಿಯಿಂದ ಕೆಲವೇ ಅಂಗುಲ ದೂರದಲ್ಲಿರುವ ಬೇರಿಂಗಿನ ಬುಷ್ಷು ಬಹಳಷ್ಟು ಟರ್ಬೊಗಳಲ್ಲಿ ಯಾವುದಕ್ಕೂ ಅಂಟಿಕೊಂಡಿರದೆ, ಒಳಗೊಂದು ಹೊರಗೊಂದು ಎಣ್ಣೆಯ ತೆಳುಪೊರೆಯ ನಡುವೆ ತೇಲುತ್ತ, ಶಾಫ್ಟಿಗಿಂತ ನಿಧಾನವಾಗಿ ತಾನೂ ತಿರುಗುತ್ತದೆ. ಹೊರಗಿನ ಪೊರೆ ಕಂಪನವನ್ನು ನುಂಗಿಕೊಳ್ಳುತ್ತದೆ. ಲೋಹ ಲೋಹವನ್ನು ಮುಟ್ಟದಂತೆ ಕಾಯುವ ಈ ಎಣ್ಣೆಯೇ ಶಾಖವನ್ನೂ ಹೊತ್ತೊಯ್ಯತಕ್ಕದ್ದಾದುದರಿಂದ, ಅದು ಎಡೆಬಿಡದೆ ಬರುತ್ತಿರಬೇಕು, ಹರಿದು ಹೋಗುತ್ತಲೂ ಇರಬೇಕು.

ನಿಜವಾದ ಅಪಾಯವಿರುವುದು ಓಟದಲ್ಲಲ್ಲ, ಓಟ ನಿಂತೊಡನೆ. ಎಂಜಿನ್ನನ್ನು ಆರಿಸಿದ ಕ್ಷಣವೇ ಆಯಿಲ್ ಪಂಪೂ ನಿಲ್ಲುತ್ತದೆ. ಕಾದು ಕೆಂಪಾದ ಟರ್ಬೈನ್ ಕವಚದ ಶಾಖವು ಬೇರಿಂಗಿನತ್ತ ಹರಿದು, ಅಲ್ಲಿ ಉಳಿದ ಎಣ್ಣೆ ಬಾಣಲೆಯ ತಳದಲ್ಲಿ ಸೀದ ಎಣ್ಣೆಯಂತೆ ಕಪ್ಪಾಗಿ ಗಟ್ಟಿಕಟ್ಟುತ್ತದೆ. ಭಾರ ಹೊತ್ತು ಶಿರಾಡಿ ಘಾಟಿಯನ್ನು ಹತ್ತಿಬಂದ ಲಾರಿಯ ಅನುಭವಸ್ಥ ಚಾಲಕನು ಗಾಡಿ ನಿಲ್ಲಿಸಿದ ಮೇಲೆಯೂ ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಗೊಡುವುದು ಇದಕ್ಕಾಗಿಯೇ. ಅದನ್ನು ಡೀಸೆಲ್ಲಿನ ದಂಡವೆಂದು ಹಳಿಯುವುದು ಸರಿಯಲ್ಲ.

ಈ ಹೊರೆಯನ್ನು ಚಾಲಕನ ಎಚ್ಚರವೊಂದಕ್ಕೇ ಬಿಡಬಾರದೆಂದು, ಬೇರಿಂಗಿನ ಕವಚದೊಳಗೆ ನೀರು ಸುತ್ತುವ ಹಾದಿಯನ್ನೂ ಎಷ್ಟೋ ಎಂಜಿನ್ನುಗಳಲ್ಲಿ ಕೊರೆದಿರುತ್ತಾರೆ. ಇದರ ಸೊಗಸು ನನಗೆ ಬಹಳ ಮೆಚ್ಚು: ಕೊಳವೆಗಳನ್ನು ತಕ್ಕ ಎತ್ತರದಲ್ಲಿ ಜೋಡಿಸಿದ್ದರೆ, ಪಂಪು ನಿಂತ ಮೇಲೂ ಬಿಸಿನೀರು ಹಗುರಾಗಿ ತಾನೇ ಮೇಲೇರಿ, ಅದರ ಜಾಗಕ್ಕೆ ತಣ್ಣೀರು ಬಂದು, ಶಾಖವೇ ಶಾಖವನ್ನು ಸಾಗಿಸುತ್ತದೆ. ಕೆಲವು ಕಾರುಗಳಲ್ಲಿ ಪುಟ್ಟ ವಿದ್ಯುತ್ ಪಂಪೂ ಉಂಟು.

ಸೀದ ಎಣ್ಣೆಯ ಮಸಿಯು ಎಣ್ಣೆ ಬರುವ ಸಣ್ಣ ಕೊಳವೆಯನ್ನೂ ಕಟ್ಟುತ್ತದೆ. ಕೆಟ್ಟ ಟರ್ಬೊವನ್ನು ತೆಗೆದು, ಆ ಹಳೆಯ ಕೊಳವೆಗೇ ಹೊಸದನ್ನು ಜೋಡಿಸಿದರೆ, ಅದೂ ಎಣ್ಣೆಯಿಲ್ಲದೆ ಬೇಗನೆ ಕೆಡುತ್ತದೆ.