ಹಳೇ ಪಂಚೆಯಲ್ಲೊಂದು ಮಸಾಲೆ ದೋಸೆ

ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇದೆಯಾ? ಬಾಡಿಗೆ ವೇಷದ ಅಂಗಡಿಗೆ ಓಡಬೇಡಿ. ಮನೆಯಲ್ಲೇ ಮಗುವಿಗೆ ಮಸಾಲೆ ದೋಸೆ ವೇಷ ಹಾಕೋಣ.

ಹಳೇ ಬಿಳಿ ಕಾಟನ್ ಪಂಚೆ ತಗೊಂಡು ದುಂಡಗೆ ಕತ್ತರಿಸಿ. ಪಾಲಿಯೆಸ್ಟರ್ ಬೇಡ, ಟೀ ಬಣ್ಣ ಸರಿಯಾಗಿ ಹಿಡಿಯಲ್ಲ. ಬಿಸಿಬಿಸಿ ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಒಣಗಿಸಿ. ತಿಳಿ ಕಂದು ಬಂತಲ್ಲ? ಈಗ ಇನ್‌ಸ್ಟಂಟ್ ಕಾಫಿ ಪುಡಿಯನ್ನ ಚೂರೇ ಚೂರು ನೀರಲ್ಲಿ ಕಲಸಿ, ಸ್ಪಾಂಜ್ ಅದ್ದಿ, ನಡುವಿನಿಂದ ಅಂಚಿನ ತನಕ ಸುತ್ತು ಸುತ್ತಾಗಿ ಒತ್ತುತ್ತಾ ಹೋಗಿ. ಕಾವಲಿ ಮೇಲೆ ಹಿಟ್ಟು ತಿರುವಿದಾಗ ಏಳುವ ಗೆರೆಗಳು ಹಾಗೇ ಮೂಡುತ್ತವೆ. ಅಂಚಿಗೆ ಇನ್ನೊಂದು ಕೈ ಬಣ್ಣ ಕೊಡಿ, ಗರಿಗರಿ ಕಾಣಬೇಕು. ವೇಷಕ್ಕೆ ಜೀವ ಬರೋದೇ ಇಲ್ಲಿ, ಆತುರ ಬೇಡ.

ಒಳಗೆ ಹಳದಿ ಟೀ ಶರ್ಟ್, ಅದೇ ಆಲೂಗಡ್ಡೆ ಪಲ್ಯ. ಕಪ್ಪು ಸ್ಟಿಕ್ಕರ್ ಬಿಂದಿ ಸಾಸಿವೆ, ಹಸಿರು ಕಾಗದ ಕರಿಬೇವು. ದೋಸೆಯ ಒಳಮೈಗೆ ಕೆಂಪು ಬಟ್ಟೆ ಹೊಲಿದರೆ ಮೈಸೂರು ಮಸಾಲೆ! ಟೊಪ್ಪಿ ಮೇಲೊಂದು ಹಳದಿ ಸ್ಪಾಂಜ್ ತುಂಡು, ಬೆಣ್ಣೆ.

ಹೆಗಲ ಮೇಲಿಂದ ಹೊದಿಸಿ, ಎದುರಿಗೆ ವೆಲ್ಕ್ರೋ ಹಾಕಿ. ಚಿಕ್ಕ ಮಕ್ಕಳಿಗೆ ಪಿನ್ನು ಬೇಡವೇ ಬೇಡ. ಕೈ ಹೊರಗಿರಲಿ, ಬಟ್ಟೆ ಮೊಣಕಾಲಿಗಿಂತ ಮೇಲಿರಲಿ. ಹಿಂದಿನ ದಿನವೇ ವೇಷ ಹಾಕಿಸಿ, ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿಬಿಡಿ.