ಕೆರೆ ಬರಿದಾದರೂ ನಿಲ್ಲದ ಆಟ

ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತುಂಗಭದ್ರಾ ಹಿನ್ನೀರಿನ ದಂಡೆಗೆ ಮೊಮ್ಮಗನನ್ನು ಕರೆದೊಯ್ದಿದ್ದೆ. ಹಿಂದಿನ ದಿನ ಫೋನಿನಲ್ಲಿ ವಾಟರ್ ಸ್ಕೀ ಆಟ ನೋಡಿದ್ದ.

"ಅಜ್ಜಾ, ನೀರಿನ ಮ್ಯಾಲೆ ನಿಂತು ಹೋಗ್ತಾರಲ್ಲ, ಮುಳುಗಂಗಿಲ್ಲೇನು?"

ಚಪ್ಪಟೆ ಕಲ್ಲೊಂದನ್ನು ಓರೆಯಾಗಿ ಬೀಸಿದೆ. ನಾಲ್ಕು ಸಲ ಕುಪ್ಪಳಿಸಿ ಮುಳುಗಿತು.

"ನೋಡು, ವೇಗ ಇರೋತನಕ ನೀರು ಅದನ್ನ ಮ್ಯಾಲೆ ತಳ್ತು. ವೇಗ ಹೋತು, ಕಲ್ಲು ಮುಳುಗ್ತು. ಸ್ಕೀ ಆಡೋರನ್ನ ಮೋಟಾರು ದೋಣಿ ಹಗ್ಗ ಕಟ್ಟಿ ಎಳಿತಿರತೈತಿ. ಕಾಲಿನ ಹಲಗೆ ನೀರನ್ನ ಕೆಳಗೆ ಒತ್ತತೈತಿ, ನೀರು ಅದನ್ನ ಮ್ಯಾಲೆ ಒತ್ತತೈತಿ."

ಈ ಆಟಕ್ಕೆ ದಾರಿ ತೋರಿದವನು 18 ವರ್ಷದ ಹುಡುಗ, ಅಮೆರಿಕದ ಮಿನ್ನೆಸೋಟ ರಾಜ್ಯದ ರಾಲ್ಫ್ ಸ್ಯಾಮುಯೆಲ್ಸನ್. 1922ರಲ್ಲಿ ಮೊದಲು ಪೀಪಾಯಿಯ ಹಲಗೆ ಕಟ್ಟಿಕೊಂಡ, ಆಗಲಿಲ್ಲ. ಹಿಮದಲ್ಲಿ ಜಾರುವ ಹಲಗೆ ಕಟ್ಟಿಕೊಂಡ, ಅದೂ ಆಗಲಿಲ್ಲ. ಕೊನೆಗೆ ಮರದ ಹಲಗೆಯ ತುದಿಯನ್ನು ಬಿಸಿಗೆ ಮೆತ್ತಗಾಗಿಸಿ ಮೇಲಕ್ಕೆ ಬಾಗಿಸಿದ. ನೀರಿನ ಮೇಲೆ ನಿಂತೇಬಿಟ್ಟ!

ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಡೆಲ್ಸ್ ಎಂಬ ಪ್ರವಾಸಿ ಊರಿದೆ. ಅಲ್ಲಿನ ಡೆಲ್ಟನ್ ಕೆರೆಯಲ್ಲಿ ಟಾಮಿ ಬಾರ್ಟ್‌ಲೆಟ್ ಅವರ ತಂಡ ವರ್ಷ ವರ್ಷವೂ ಸ್ಕೀ ಪ್ರದರ್ಶನ ನಡೆಸುತ್ತಿತ್ತು. ಈ ಪ್ರದರ್ಶನ ಶುರುವಾದದ್ದು 1952ರಲ್ಲಿ. ಓಡುವ ನೀರಹಲಗೆಗಳ ಮೇಲೆ, ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟುತ್ತಿದ್ದರು.

2008ರ ಜೂನ್ 9ರಂದು ಜಡಿಮಳೆಗೆ ಆ ಕೆರೆಯ ದಂಡೆ ಒಡೆಯಿತು. ಕೆಲವೇ ತಾಸುಗಳಲ್ಲಿ ಕೆರೆ ಬರಿದು. ದಂಡೆಯ ಮನೆಗಳೂ ಕೊಚ್ಚಿಹೋದವು. ನೀರಿಲ್ಲದೆ ಸ್ಕೀ ಎಲ್ಲಿ? ಆದರೂ ತಂಡ ಬಾಗಿಲು ಹಾಕಲಿಲ್ಲ. ಆ ಬೇಸಿಗೆಯಲ್ಲಿ ವೇದಿಕೆಯ ಮೇಲಿನ ಆಟಗಳನ್ನೇ ತೋರಿಸಿತು. ದಂಡೆ ಕಟ್ಟಿ, ಕೆರೆ ತುಂಬಿದ ಮೇಲೆ, ಮರುವರ್ಷ ಮತ್ತೆ ನೀರಿಗಿಳಿಯಿತು. ಕೊನೆಗೆ ಆಟ ನಿಂತದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ.

ಮೊಮ್ಮಗ ಹಿನ್ನೀರನ್ನೇ ನೋಡುತ್ತಿದ್ದ. "ಅಜ್ಜಾ, ನಮ್ಮ ಡ್ಯಾಮಿಂದೂ ನೀರು ಹೋಗಿತ್ತಲ್ಲ?"

ಹೌದು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಬೆಳೆಯ ನೀರು ಹೊಳೆಗೆ ಹರಿಯುತ್ತಿತ್ತು. ರೈತರಿಗೆ ನಿದ್ದೆಯಿಲ್ಲ. ಆಗ ನಿವೃತ್ತಿಯ ವಯಸ್ಸು ದಾಟಿದ ತಜ್ಞ ಕನ್ನಯ್ಯ ನಾಯ್ಡು ಮುಂದೆ ನಿಂತರು. ರಭಸದ ನೀರಿನಲ್ಲೇ ಉಕ್ಕಿನ ಅಡ್ಡತಡೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು.

"ಅವರೂ ಅಜ್ಜನಾ?" ಎಂದ.

"ಹೂಂನಪ್ಪಾ, ನನಗಿಂತ ದೊಡ್ಡೋರು."

ಅವನೂ ಒಂದು ಚಪ್ಪಟೆ ಕಲ್ಲು ಹುಡುಕಿ ಬೀಸಿದ. ಎರಡು ಸಲ ಕುಪ್ಪಳಿಸಿತು. ಮಕ್ಕಳೇ, ನೀವೂ ಅಜ್ಜ, ಅಜ್ಜಿಯರ ಜೊತೆ ಹೋಗಿ ಬೀಸಿ ನೋಡಿ. ದಂಡೆ ಬಿಟ್ಟು ನೀರಿಗೆ ಮಾತ್ರ ಇಳಿಯಬೇಡಿ!