ಉತ್ತರದ ದೇವತೆಗಳಿಗೆ ಮರಳಿ ಬಂದ ನೈವೇದ್ಯ

ಒಂದು ಜನಾಂಗವು ತನ್ನ ದೇವತೆಗಳಿಗೆ ಅನ್ನಪಾನಗಳನ್ನು ಅರ್ಪಿಸುವುದನ್ನು ಬಿಟ್ಟು ಒಂಬತ್ತು ಶತಮಾನಗಳಿಗೂ ಮಿಕ್ಕಿ ಕಳೆದ ಮೇಲೆ, ವಿಧಿಯನ್ನು ಬಲ್ಲ ಪುರೋಹಿತನಾಗಲಿ ಅದನ್ನು ಕಣ್ಣಾರೆ ಕಂಡ ಮುದುಕಿಯಾಗಲಿ ಒಬ್ಬರೂ ಉಳಿದಿರದ ಕಾಲದಲ್ಲಿ, ಅದೇ ದೇವತೆಗಳ ಹೆಸರೆತ್ತಿ ಮತ್ತೆ ಪಾನಪಾತ್ರೆಯನ್ನು ಎತ್ತಿ ಹಿಡಿಯುವುದೆಂಬುದು ಮತಧರ್ಮಗಳ ಚರಿತ್ರೆಯಲ್ಲಿ ವಿರಳವಾದ ಸಂಗತಿ. ಐಸ್‌ಲೆಂಡ್, ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿಯೂ ಅಲ್ಲಿಂದಾಚೆಗೆ ಇಂಗ್ಲೆಂಡ್ ಅಮೆರಿಕಗಳಲ್ಲಿಯೂ ಇಂದು ಓಡಿನ್, ಥೋರ್, ಫ್ರೇ, ಫ್ರೇಯಾ ಮೊದಲಾದ ಪ್ರಾಚೀನ ದೇವತೆಗಳಿಗೆ ಸಲ್ಲುತ್ತಿರುವ 'ಬ್ಲೋಟ್' ಎಂಬ ಅರ್ಪಣೆ ಅಂಥದು. ಅದು ಹೇಗೆ ಅಳಿಯಿತು, ಎಲ್ಲಿ ಅಡಗಿತ್ತು, ಯಾವ ಆಧಾರದಿಂದ ಮರಳಿ ಮೈದಳೆಯಿತು ಎಂಬುದನ್ನು ವಿಚಾರಿಸುತ್ತ ಹೋದಂತೆ ನನಗೆ ದೃಢವಾದ ಅಭಿಪ್ರಾಯ ಇದು: ಇಂದಿನ ಭಕ್ತನ ಅರ್ಪಣೆಗೆ ನಿಜವಾದ ಪೂರ್ವಜರು ಮಹಾಮಂದಿರಗಳ ಬಲಿಪೀಠದ ಮುಂದೆ ನಿಂತ ಅರಸರಲ್ಲ, ಹೊಲದಂಚಿನ ಕಲ್ಲಿನ ಮುಂದೆ ಊಟದ ಒಂದು ಪಾಲನ್ನಿಟ್ಟ ಗೃಹಿಣಿಯರು.

ಈ ಅರ್ಪಣೆಯನ್ನು ಸ್ವತಃ ನೋಡಿ ಬರೆದಿಟ್ಟ ಅತ್ಯಂತ ಹಳೆಯ ಸಾಕ್ಷಿಗಳಲ್ಲಿ ಒಬ್ಬನು ಅರಬನೆಂಬುದು ಗಮನಾರ್ಹ. ಬಾಗ್ದಾದಿನ ಖಲೀಫನ ದೂತಮಂಡಲಿಯೊಡನೆ 922ರಲ್ಲಿ ವೋಲ್ಗಾ ನದೀತೀರವನ್ನು ತಲುಪಿದ ಇಬ್ನ್ ಫದ್ಲಾನನು, ಅಲ್ಲಿಗೆ ವ್ಯಾಪಾರಕ್ಕಾಗಿ ಬಂದಿದ್ದ ರೂಸ್ ಎಂಬ ಉತ್ತರದೇಶೀಯರು ದೋಣಿಯಿಂದಿಳಿದೊಡನೆಯೇ ರೊಟ್ಟಿ, ಮಾಂಸ, ಈರುಳ್ಳಿ, ಹಾಲು, ಮದ್ಯಗಳನ್ನು ಹಿಡಿದು, ಮನುಷ್ಯನ ಮುಖವನ್ನು ಕೆತ್ತಿದ್ದ ಎತ್ತರದ ಮರದ ಕಂಬವೊಂದರ ಬಳಿಗೆ ಹೋಗಿ ಅಡ್ಡಬಿದ್ದು, ತಾವು ತಂದ ಸರಕನ್ನೆಲ್ಲ ಎಣಿಸಿ ಹೇಳಿ, ಚೌಕಾಸಿ ಮಾಡದೆ ಕೊಳ್ಳುವ ಹಣವಂತನಾದ ಗಿರಾಕಿಯನ್ನು ಕರುಣಿಸೆಂದು ಬೇಡಿಕೊಳ್ಳುತ್ತಿದ್ದ ಬಗೆಯನ್ನು ವರ್ಣಿಸಿದ್ದಾನೆ. ಆ ಸರಕಿನಲ್ಲಿ ತುಪ್ಪುಳದ ಚರ್ಮಗಳ ಜೊತೆಗೆ ದಾಸಿಯರಾಗಿ ಮಾರಲ್ಪಡಲಿದ್ದ ಹೆಣ್ಣುಮಕ್ಕಳೂ ಇದ್ದರೆಂಬುದನ್ನು ಮರೆಮಾಚುವಂತಿಲ್ಲ. ಪ್ರಾಚೀನವಾದುದೆಲ್ಲ ಪವಿತ್ರವೆಂದು ಭಾವಿಸುವವರು ಈ ಪುಟವನ್ನು ಮತ್ತೊಮ್ಮೆ ಓದಬೇಕು.

ಹನ್ನೊಂದನೆಯ ಶತಮಾನದ ಜರ್ಮನ್ ಪಾದ್ರಿ ಬ್ರೆಮೆನ್ನಿನ ಆಡಮನು ಸ್ವೀಡನ್ನಿನ ಉಪ್ಸಾಲಾ ಮಂದಿರದಲ್ಲಿ ಒಂಬತ್ತು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಘೋರವಾದ ಬಲಿಯನ್ನೂ, ಪವಿತ್ರವನದಲ್ಲಿ ತೂಗುತ್ತಿದ್ದ ಮೃಗಗಳ ಮತ್ತು ಮನುಷ್ಯರ ದೇಹಗಳನ್ನೂ ಬರೆದನು; ಆದರೆ ಆತನು ಬರೆದದ್ದು ಪರರ ಬಾಯಿಂದ ಕೇಳಿ. ಆತನಿಗಿಂತ ನಮಗೆ ಹೆಚ್ಚಾಗಿ ಒದಗುವವನು ಐಸ್‌ಲೆಂಡಿನ ಸ್ನೋರಿ ಸ್ಟುರ್ಲುಸನ್ (1179–1241). ಕ್ರೈಸ್ತನಾಗಿ ಹುಟ್ಟಿ ಕ್ರೈಸ್ತನಾಗಿಯೇ ಬಾಳಿದ ಈ ಪಂಡಿತನು ತನ್ನ ಪೂರ್ವಿಕರ ಕಾವ್ಯವೂ ಕಥೆಗಳೂ ನಷ್ಟವಾಗಬಾರದೆಂಬ ಕಾಳಜಿಯಿಂದ ಅವನ್ನು ಸಂಗ್ರಹಿಸಿದನು. ನಾರ್ವೆಯ ಅರಸರ ಚರಿತ್ರೆಯಲ್ಲಿ ಆತನು ಹೇಳುವಂತೆ, ಟ್ರೋಂಡ್ಹೈಮ್ ಸೀಮೆಯ ರೈತರೆಲ್ಲರೂ ತಮ್ಮ ತಮ್ಮ ಆಹಾರಪಾನೀಯಗಳೊಡನೆ ಮಂದಿರದಲ್ಲಿ ನೆರೆಯುತ್ತಿದ್ದರು. ವಧಿಸಿದ ಪಶುಗಳ ರಕ್ತವನ್ನು ಕಡ್ಡಿಗಳ ಕಟ್ಟಿನಿಂದ ಗೋಡೆಗಳಿಗೂ ಜನರಿಗೂ ಪ್ರೋಕ್ಷಿಸುತ್ತಿದ್ದರು. ನಡುಮನೆಯ ಬೆಂಕಿಯ ಮೇಲೆ ತೂಗುಬಿಟ್ಟ ಹಂಡೆಗಳಲ್ಲಿ ಮಾಂಸವು ಬೇಯುತ್ತಿರಲು, ತುಂಬಿದ ಪಾತ್ರೆಯು ಬೆಂಕಿಯನ್ನು ದಾಟಿ ಕೈಯಿಂದ ಕೈಗೆ ಸಾಗುತ್ತಿತ್ತು. ಮೊದಲ ಪಾನವು ಅರಸನ ಬಲಕ್ಕೂ ಜಯಕ್ಕೂ ಓಡಿನ್ನನ ಹೆಸರಿನಲ್ಲಿ. ಆಮೇಲಿನದು ಸುಭಿಕ್ಷಕ್ಕೂ ಶಾಂತಿಗೂ ನ್ಯೋರ್ಡ್ ಮತ್ತು ಫ್ರೇ ದೇವತೆಗಳ ಹೆಸರಿನಲ್ಲಿ. ಕಡೆಗೆ ಗತಿಸಿದ ಬಂಧುಗಳ ಸ್ಮರಣೆಯಲ್ಲಿ. ಇಂಗ್ಲೆಂಡಿನಲ್ಲಿ ಕ್ರೈಸ್ತನಾಗಿ ಬೆಳೆದು ಬಂದಿದ್ದ ಅರಸ ಹೋಕನ್ನನು ಇಂಥ ಹಬ್ಬವೊಂದರಲ್ಲಿ ಪಾತ್ರೆಯ ಮೇಲೆ ಶಿಲುಬೆಯ ಗುರುತನ್ನು ಎಳೆದಾಗ ರೈತರು ಕೆರಳಿದರೆಂದೂ, ಅರಸನು ಎಳೆದದ್ದು ಥೋರನ ಸುತ್ತಿಗೆಯ ಗುರುತೆಂದು ಹೇಳಿ ಸಿಗುರ್ಡ್ ಎಂಬ ಸಾಮಂತನು ಅವರನ್ನು ಸಮಾಧಾನಪಡಿಸಿದನೆಂದೂ, ಮರುದಿನ ಕುದುರೆಯ ಮಾಂಸವನ್ನು ತಿನ್ನಲೊಲ್ಲದ ಅರಸನು ಹಂಡೆಯ ಹಿಡಿಗೆ ನಾರುಬಟ್ಟೆಯನ್ನು ಸುತ್ತಿ ಅದರ ಮೇಲೆ ಬಾಯ್ದೆರೆದು, ತಿನ್ನದೆಯೂ ನಿರಾಕರಿಸದೆಯೂ ಪಾರಾದನೆಂದೂ ಸ್ನೋರಿ ಬರೆಯುತ್ತಾನೆ. ಇದರಲ್ಲಿ ಎಷ್ಟು ಯಥಾರ್ಥ, ಎಷ್ಟು ಚರ್ಚಿನ ವಿಧಿಗಳನ್ನು ಕಂಡ ಕಣ್ಣಿನ ಕಲ್ಪನೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಉತ್ತರ ಐಸ್‌ಲೆಂಡಿನ ಮೀವಾಟ್ನ್ ಸರೋವರದ ಬಳಿಯ ಹೋಫ್‌ಸ್ಟಾದಿರ್ ಎಂಬಲ್ಲಿ, ಹಣೆಗೆ ಏಟು ಹಾಕಿ ಕಡಿದು ಬಹುಕಾಲ ಗೋಡೆಯ ಹೊರಗೆ ತೂಗುಹಾಕಿದ್ದ ಇಪ್ಪತ್ತಕ್ಕೂ ಹೆಚ್ಚು ದನಗಳ ತಲೆಬುರುಡೆಗಳು ಉತ್ಖನನದಲ್ಲಿ ದೊರೆತಿವೆ. ಸ್ವೀಡನ್ನಿನ ಫ್ರೋಸೋ ದ್ವೀಪದಲ್ಲಿ ಚರ್ಚಿನ ಪೀಠದ ನೆಲವನ್ನಗೆದಾಗ ಭೂರ್ಜವೃಕ್ಷದ ಬುಡವೊಂದೂ ಅದರ ಸುತ್ತ ಕರಡಿ ಮೊದಲಾದ ಮೃಗಗಳ ಮೂಳೆಗಳೂ ಕಂಡವು. ಹಬ್ಬವೂ ಬಲಿಯೂ ಸತ್ಯ. ವಿವರಗಳು ಮಾತ್ರ ವಿವಾದಾಸ್ಪದ.

ಕ್ರಿ.ಶ. 1000ದ ಸುಮಾರಿಗೆ ಐಸ್‌ಲೆಂಡಿನ ಮಹಾಸಭೆಯಾದ ಆಲ್ಥಿಂಗ್‌ನಲ್ಲಿ ಹಳೆಯ ಮತದವರೂ ಕ್ರೈಸ್ತರೂ ಎರಡು ಪಕ್ಷಗಳಾಗಿ ಕಾದಾಡುವ ಹಂತವನ್ನು ಮುಟ್ಟಿದಾಗ, ದೇಶದ ಶಾಸನಗಳನ್ನು ಬಾಯಿಪಾಠವಾಗಿ ಹೇಳುವ ಅಧಿಕಾರಿಯಾಗಿದ್ದ ಥೋರ್ಗೇರ್ ಎಂಬಾತನು, ತಾನು ಹಳೆಯ ಮತದವನೇ ಆಗಿದ್ದರೂ ತೀರ್ಪಿನ ಹೊಣೆಯನ್ನು ಹೊತ್ತು, ಒಂದು ಹಗಲು ಒಂದು ರಾತ್ರಿ ಕಂಬಳಿಯನ್ನು ಹೊದ್ದು ಮಾತಿಲ್ಲದೆ ಮಲಗಿದ್ದು, ಎದ್ದ ಮೇಲೆ ದೇಶಕ್ಕೆಲ್ಲ ಒಂದೇ ಶಾಸನವೂ ಒಂದೇ ಮತವೂ ಇರಬೇಕೆಂದೂ ಅದು ಕ್ರೈಸ್ತಮತವೆಂದೂ ಸಾರಿದನು. ಇದನ್ನು ದಾಖಲಿಸಿದ ಇತಿಹಾಸಕಾರ ಆರಿ ಥೋರ್ಗಿಲ್ಸ್‌ಸನ್ ಒಂದು ಉಪಬಂಧವನ್ನೂ ತಿಳಿಸುತ್ತಾನೆ: ಬಯಸಿದವರು ಗುಟ್ಟಾಗಿ ಅರ್ಪಣೆ ಮಾಡಬಹುದು; ಸಾಕ್ಷಿಗಳು ಕಂಡರೆ ಮಾತ್ರ ಗಡೀಪಾರಿನ ಶಿಕ್ಷೆ. ಕೆಲವೇ ವರ್ಷಗಳಲ್ಲಿ ಈ ಸಡಿಲಿಕೆಯೂ ರದ್ದಾಯಿತು. ಅಷ್ಟರೊಳಗೆ ಬಹಿರಂಗದ ಮಹೋತ್ಸವವು ಮುಗಿದುಹೋಗಿ, ಅರ್ಪಣೆಯೆಂಬುದು ಮನೆಯ ಬಾಗಿಲೊಳಗಿನ ಕಾರ್ಯವಾಗಿ ಉಳಿದಿತ್ತು.

ಮನೆಯೊಳಗೆ ಅದು ಮೊದಲಿನಿಂದಲೂ ಇತ್ತು. ಸುಮಾರು 1019ರಲ್ಲಿ ಸ್ವೀಡನ್ನಿನ ಕಡೆಗೆ ಪಯಣಿಸುತ್ತಿದ್ದ ಆಸ್ಥಾನಕವಿ ಸಿಗ್ವಾತ್ ಒಂದು ಸಂಜೆ ತಂಗಲು ಜಾಗ ಕೇಳಿದಾಗ, ಮನೆಯಾಕೆ ಬಾಗಿಲಲ್ಲೇ ತಡೆದು, ಒಳಗೆ ಯಕ್ಷರಂಥ ಅಲ್ಫ್‌ಗಳಿಗೆ ಅರ್ಪಣೆ ನಡೆಯುತ್ತಿದೆ, ನಿನ್ನನ್ನು ಬಿಟ್ಟುಕೊಂಡರೆ ಓಡಿನ್ನನ ಕೋಪಕ್ಕೆ ಗುರಿಯಾಗುವೆನೆಂದು ಹೇಳಿ ಕಳುಹಿಸಿಬಿಟ್ಟಳಂತೆ. ಆಚಾರವನ್ನು ನಡೆಸುವವಳೂ ಕಾಯುವವಳೂ ಆಕೆಯೇ. ಐಸ್‌ಲೆಂಡಿನ ಗಿಲ್ಯಾ ಎಂಬಲ್ಲಿನ ಕೋಡ್ರಾನ್ ಎಂಬ ರೈತನಿಗೆ ತನ್ನ ದನಕರುಗಳನ್ನು ಕಾಯುವ ಚೇತನವೊಂದು ಮನೆಯ ಹತ್ತಿರದ ಬಂಡೆಯಲ್ಲಿ ವಾಸವಾಗಿದೆಯೆಂಬ ನಂಬಿಕೆಯಿದ್ದು, ಸ್ಯಾಕ್ಸನ್ ಬಿಷಪ್ಪನೊಬ್ಬನು ಸ್ತೋತ್ರ ಹಾಡುತ್ತ ಆ ಬಂಡೆಯ ಮೇಲೆ ಮಂತ್ರಿಸಿದ ನೀರನ್ನು ಸುರಿದಾಗ, ನನ್ನ ಮಕ್ಕಳ ಮೇಲೆ ಕುದಿಯುವ ನೀರನ್ನು ಹೊಯ್ಯಿಸಿದೆಯಲ್ಲಾ ಎಂದು ಆ ಚೇತನವು ಕನಸಿನಲ್ಲಿ ಬಂದು ಮೊರೆಯಿಟ್ಟ ಕಥೆಯನ್ನು, ಅದೂ ಕ್ರೈಸ್ತ ಲೇಖಕನೇ ಬರೆದದ್ದನ್ನು, ಓದಿದಾಗ ಕರುಳು ಹಿಂಡುತ್ತದೆ. ಮತಾಂತರವಾಗಿ ಮುನ್ನೂರು ವರ್ಷಗಳಾದ ಮೇಲೆ ಸಿದ್ಧವಾದ ಹೌಕ್ಸ್‌ಬೋಕ್ ಎಂಬ ಹಸ್ತಪ್ರತಿಯಲ್ಲಿರುವ ಉಪದೇಶವೊಂದು, ಕೆಲವು ಹೆಂಗಸರು ತಮ್ಮ ಊಟವನ್ನು ಕಲ್ಲುಗುಡ್ಡೆಗಳಿಗೂ ಗವಿಗಳಿಗೂ ಒಯ್ದು ನೆಲದ ಚೇತನಗಳಿಗೆ ಅರ್ಪಿಸಿ, ಬಳಿಕ ಅದನ್ನು ತಾವೇ ಉಣ್ಣುತ್ತಾರೆ, ಹಾಗೆ ಮಾಡಿದರೆ ಬದುಕು ಹಸನಾಗುವುದೆಂದು ನಂಬುತ್ತಾರೆ ಎಂದು ಬೈಯುತ್ತದೆ. ನೈವೇದ್ಯವನ್ನಿಟ್ಟು ಪ್ರಸಾದವನ್ನುಣ್ಣುವ ನಮಗೆ ಆ ಹೆಂಗಸರ ಮನಸ್ಸನ್ನು ಅರಿಯಲು ವ್ಯಾಖ್ಯಾನ ಬೇಕಿಲ್ಲ. ಬೈದವನ ದಯೆಯಿಂದಲೇ ಅವರ ಆಚಾರವು ನಮಗೆ ತಿಳಿದುಬಂದಿದೆ. ಕ್ರಿಸ್ಮಸ್ ರಾತ್ರಿ ಕೊಟ್ಟಿಗೆಯ ಕಾವಲು ಚೇತನಕ್ಕೆ ಬೆಣ್ಣೆ ಹಾಕಿದ ಗಂಜಿಯನ್ನಿಡುವ ಪದ್ಧತಿಯಂತೂ ನಾರ್ವೆ, ಸ್ವೀಡನ್‌ಗಳ ಹಳ್ಳಿಗಳಲ್ಲಿ ಇತ್ತೀಚಿನವರೆಗೂ ನಡೆದು ಬಂದಿತು.

ಆಚಾರವು ಹೀಗೆ ಅಂಚುಗಳಲ್ಲಿ ಜೀವ ಹಿಡಿದಿರಲು, ಶ್ರುತಿಯು ಗ್ರಂಥದಲ್ಲಿ ಮಲಗಿತ್ತು. ದೇವತೆಗಳ ಕಾವ್ಯಗಳನ್ನೊಳಗೊಂಡ, ಸುಮಾರು 1270ರಲ್ಲಿ ಬರೆಯಲ್ಪಟ್ಟ ಪುಟ್ಟದೊಂದು ಚರ್ಮದ ಹೊತ್ತಿಗೆಯು 1643ರಲ್ಲಿ ಐಸ್‌ಲೆಂಡಿನ ಬಿಷಪ್ ಬ್ರಿನ್ಯೋಲ್ಫರ ಕೈಸೇರಿ, 1662ರಲ್ಲಿ ಡೆನ್ಮಾರ್ಕಿನ ಅರಸನಿಗೆ ಕಾಣಿಕೆಯಾಗಿ ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕಾವ್ಯಗಳ ಮೋಹವು ಯುರೋಪಿನಲ್ಲೆಲ್ಲ ಹಬ್ಬಿತು. ಜರ್ಮನಿಯಲ್ಲಿ ಅದು ಕುಲದ ಅಹಂಕಾರಕ್ಕೆ ಇಂಧನವಾಗಿ, ಕಟ್ಟಕಡೆಗೆ ನಾಜಿಗಳ ಲಾಂಛನಗಳಿಗೂ ಒದಗಿತು. ಆ ಕಳಂಕವನ್ನು ತೊಳೆಯುವ ಕೆಲಸ ಇಂದಿಗೂ ಮುಗಿದಿಲ್ಲ.

ಡೆನ್ಮಾರ್ಕಿಗೆ ಹೋಗಿದ್ದ ಆ ಚರ್ಮದ ಹೊತ್ತಿಗೆಯು 1971ರ ಏಪ್ರಿಲ್ 21ರಂದು ಡೆನ್ಮಾರ್ಕಿನ ನೌಕೆಯೊಂದರಲ್ಲಿ ರೇಕ್ಯಾವಿಕ್ ಬಂದರಿಗೆ ಮರಳಿದಾಗ ಜನಸಾಗರವೇ ನೆರೆದಿತ್ತು. ಮರುವರ್ಷ, 1972ರ ಏಪ್ರಿಲಿನಲ್ಲಿ, ಐಸ್‌ಲೆಂಡಿಗರು ಬೇಸಗೆಯ ಮೊದಲ ದಿನವೆಂದು ಆಚರಿಸುವ ಗುರುವಾರದಂದು, ಕೆಲವೇ ಮಂದಿ ಮಿತ್ರರು ಕೂಡಿ, ಹಳೆಯ ದೇವತೆಗಳಲ್ಲಿ ನಿಷ್ಠೆ ಎಂಬರ್ಥದ ಆಸಾತ್ರೂ ಸಂಘವನ್ನು ಸ್ಥಾಪಿಸಿದರು. ಅವರ ಮುಂದಾಳು ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್ (1924–1993) ಡ್ರಾಘಾಲ್ಸ್ ಎಂಬಲ್ಲಿನ ಕುರಿಸಾಕಣೆಯ ರೈತರು, ನೀಳವಾದ ಗಡ್ಡದವರು, ಪ್ರಾಚೀನ ಛಂದಸ್ಸುಗಳ ಮೇಲೆ ಗ್ರಂಥ ಬರೆದವರು, ಹಳೆಯ ಪದ್ಯಗಳನ್ನು ಸಾಂಪ್ರದಾಯಿಕ ರಾಗದಲ್ಲಿ ಹಾಡಬಲ್ಲವರು. ಅಧಿಕೃತ ಮನ್ನಣೆಯನ್ನು ಕೇಳಲು ಅವರು ಮಂತ್ರಿಗಳನ್ನು ಕಂಡು ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಸಿಡಿಲು ಹೊಡೆದು ನಗರದ ದೀಪಗಳು ಆರಿಹೋದವೆಂಬ ಕಥೆಯನ್ನು ಸಂಘದವರು ಇಂದಿಗೂ ಹೇಳುತ್ತಾರೆ. ಬಿಷಪ್ಪರ ಆಕ್ಷೇಪವಿದ್ದರೂ 1973ರಲ್ಲಿ ಮನ್ನಣೆ ದೊರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಡ್ರಾಘಾಲ್ಸ್‌ನಲ್ಲಿ ನಿಲ್ಲಿಸಿದ ಥೋರನ ವಿಗ್ರಹದ ಮುಂದೆ, ಸುರಿಯುವ ಮಳೆಯಲ್ಲಿ, ಮೊದಲ ಬಹಿರಂಗ ಬ್ಲೋಟ್ ನಡೆಯಿತು. ಗುರುಪರಂಪರೆ ಕಡಿದುಹೋದಲ್ಲಿ ಅಗತ್ಯವಾದ ಮನುಷ್ಯನು ಸಿದ್ಧಾಂತಿಯಲ್ಲ, ಹಾಡುವವನು ಎಂಬುದನ್ನು ಈ ರೈತನ ಆಯ್ಕೆ ತೋರಿಸಿಕೊಟ್ಟಿತೆಂದು ನನ್ನ ನಂಬಿಕೆ.

ಅವರು ಕಟ್ಟಿಕೊಟ್ಟ ವಿಧಿಯಲ್ಲಿ ಪಶುವಧೆಯಿಲ್ಲ. ಸೇರಿದವರೆಲ್ಲ ವೃತ್ತಾಕಾರವಾಗಿ ನಿಂತ ಮೇಲೆ ಸ್ಥಳವನ್ನು ಪಾವನಗೊಳಿಸಿ, ಯಾರೂ ಯಾರ ಮೇಲೂ ಹಗೆ ಸಾಧಿಸಕೂಡದೆಂಬ ಶಾಂತಿಯನ್ನು ಘೋಷಿಸುತ್ತಾರೆ, ಪ್ರಾಚೀನ ಕಾವ್ಯಗಳಿಂದ ಪಠಣ ನಡೆಯುತ್ತದೆ, ಬಳಿಕ ಪಾನೀಯ ತುಂಬಿದ ಕೊಂಬು ಒಬ್ಬರಿಂದೊಬ್ಬರಿಗೆ ಸಾಗುತ್ತದೆ, ದೇವತೆಗಳಿಗೂ ನೆಲದ ಚೇತನಗಳಿಗೂ ಹಿರಿಯರಿಗೂ ಹೆಸರು ಹೇಳಿ ಗುಟುಕರಿಸಿ, ಒಂದು ಪಾಲನ್ನು ಭೂಮಿಗೆ ಹೊಯ್ಯುತ್ತಾರೆ, ಕಡೆಗೆ ಸಹಭೋಜನ. ಸ್ನೋರಿ ವರ್ಣಿಸಿದ ಹಬ್ಬದಿಂದ ರಕ್ತವನ್ನು ಕಳೆದರೆ ಉಳಿಯುವುದು ಇಷ್ಟೇ, ಮತ್ತು ಇಷ್ಟು ಸಾಕು. ಚಳಿಗಾಲದ ಅಯನದಲ್ಲಿ, ಬೇಸಗೆಯ ಮೊದಲ ದಿನ, ಬೇಸಗೆಯ ನಡುವೆ ಹಿಂದೆ ಆಲ್ಥಿಂಗ್ ನೆರೆಯುತ್ತಿದ್ದ ಥಿಂಗ್‌ವೆಟ್ಲಿರ್‌ನಲ್ಲಿ, ಚಳಿಗಾಲದ ಪ್ರವೇಶದಲ್ಲಿ, ಹೀಗೆ ವರ್ಷಕ್ಕೆ ನಾಲ್ಕು ಮುಖ್ಯ ಕೂಟಗಳು. ನಾಲ್ಕು ಲಕ್ಷದಷ್ಟು ಜನರಿರುವ ದೇಶದಲ್ಲಿ ಸಂಘದ ಸದಸ್ಯರು ಇಂದು ಐದು ಸಾವಿರವನ್ನು ಮೀರಿದ್ದಾರೆ. 2003ರಿಂದ ಸಂಗೀತ ಸಂಯೋಜಕ ಹಿಲ್ಮಾರ್ ಓರ್ನ್ ಹಿಲ್ಮಾರ್ಸನ್ ಮುಖ್ಯಸ್ಥರು. ರೇಕ್ಯಾವಿಕ್‌ನ ಓಸ್ಕ್ಯುಹ್ಲೀಡ್ ಗುಡ್ಡದಲ್ಲಿ ಮಂದಿರಕ್ಕೆಂದು ನಗರವು ನೀಡಿದ ನಿವೇಶನವನ್ನು 2015ರ ಮಾರ್ಚ್ 20ರ ಸೂರ್ಯಗ್ರಹಣದಂದು ಪಾವನಗೊಳಿಸಿದರು.

ಸಂಘದ ಆಚೆಗೆ, ನಾರ್ವೆಯಿಂದ ಅಮೆರಿಕದವರೆಗೆ ಚದುರಿರುವ ಒಂಟಿ ಭಕ್ತರ ಆಚರಣೆ ಇನ್ನೂ ಸರಳ. ಕಿಟಕಿಯ ಬಳಿ ಒಂದು ಕಪಾಟು, ಒಂದು ಮರದ ಬಟ್ಟಲು, ಒಂದು ದೀಪ. ಏನನ್ನು ಅರ್ಪಿಸಬೇಕೆಂಬುದಕ್ಕೆ ಕಾವ್ಯಗಳೇ ದಾರಿ ತೋರಿಸುತ್ತವೆ: ಒಂದೇ ಊಟದಲ್ಲಿ ಒಂದು ಎತ್ತನ್ನೂ ಎಂಟು ಸಾಲ್ಮನ್ ಮೀನುಗಳನ್ನೂ ಮುಗಿಸಿ ಮೇಲೆ ಜೇನುಮದ್ಯ ಕುಡಿದ ಥೋರನಿಗೆ ಹೊಟ್ಟೆ ತುಂಬುವ ಊಟವೂ ಬಿಯರೂ, ತನ್ನ ಪಾಲಿನ ಆಹಾರವನ್ನು ತೋಳಗಳಿಗಿತ್ತು ದ್ರಾಕ್ಷಾರಸವೊಂದರಿಂದಲೇ ಬಾಳುವ ಓಡಿನ್ನನಿಗೆ ಪಾನ, ಅಥವಾ ತಾನೇ ರಚಿಸಿದ ಪದ್ಯ, ನೂಲುವಿಕೆಯೊಡನೆ ಜನಪದವು ಸೇರಿಸಿರುವ ಫ್ರಿಗ್ ದೇವಿಗೆ ಕೈಯಾರೆ ನೂತ ನೂಲು. ಮದ್ಯವನ್ನು ತೊರೆದವರು ಸೇಬಿನ ರಸವನ್ನಿಡುತ್ತಾರೆ. ಕೊಡುಗೆಗೆ ಪ್ರತಿಕೊಡುಗೆಯಿರುವುದೆಂದೂ, ಅತಿಯಾಗಿ ಅರ್ಪಿಸುವುದಕ್ಕಿಂತ ಬೇಡದಿರುವುದೇ ಮೇಲೆಂದೂ ಹಾವಮಾಲ್ ಎಂಬ ನೀತಿಕಾವ್ಯವು ಎಚ್ಚರಿಸಿರುವುದರಿಂದ, ಆಡಂಬರಕ್ಕೆ ಇಲ್ಲಿ ಬೆಲೆಯಿಲ್ಲ. ಈ ಭಕ್ತರಲ್ಲಿ ನಾನು ಹೆಚ್ಚು ಗೌರವಿಸುವ ಗುಣವೊಂದಿದೆ: ಯಾವುದು ಗ್ರಂಥದಲ್ಲಿದೆ, ಯಾವುದು ತನ್ನ ಸ್ವಂತ ಅನುಭವದಿಂದ ಮಾತ್ರ ಬಂದದ್ದು ಎಂಬುದನ್ನು ಬೇರ್ಪಡಿಸಿ ಹೇಳುವ ಶಿಷ್ಟಾಚಾರವನ್ನು ಅವರಲ್ಲಿ ಅನೇಕರು ಪಾಲಿಸುತ್ತಾರೆ. ಫ್ರೇಯಾಳಿಗೆ ಸ್ಟ್ರಾಬೆರಿ ಪ್ರಿಯವೆಂದು ಒಬ್ಬಾಕೆಗೆ ಅನಿಸಿದರೆ ಆಕೆ ಅದನ್ನು ಇಡಬಹುದು. ಪೂರ್ವಿಕರು ಇಡುತ್ತಿದ್ದರೆಂದು ಹೇಳಕೂಡದು.

ಈ ಪ್ರಾಮಾಣಿಕತೆಯೇ ಕುಲಾಭಿಮಾನಿಗಳ ವಿರುದ್ಧದ ಆಯುಧವೂ ಆಯಿತು. ಈ ದೇವತೆಗಳು ಬಿಳಿಯ ವರ್ಣದವರಿಗೆ ಮಾತ್ರ ಸೇರಿದವರೆಂದು ವಾದಿಸುವ ಪಂಗಡಗಳು ಅಮೆರಿಕದಲ್ಲಿ 1970ರ ದಶಕದಿಂದಲೂ ಇವೆ. ಹಾಗಲ್ಲ, ಬಾಗಿಲು ಎಲ್ಲರಿಗೂ ತೆರೆದಿದೆ ಎಂಬ ನಿಲುವಿನ ಸಂಘಗಳು 2016ರಲ್ಲಿ, ಕೆಡುಕನ್ನು ಕೆಡುಕೆಂದೇ ಸಾರಬೇಕೆನ್ನುವ ಹಾವಮಾಲ್‌ನ 127ನೆಯ ಪದ್ಯದ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡ ಘೋಷಣೆಯೊಂದಕ್ಕೆ ಸಹಿ ಹಾಕಿ, ಅಂಥ ಪಂಗಡವೊಂದರ ಸಂಬಂಧವನ್ನು ಬಹಿರಂಗವಾಗಿ ತೊರೆದವು.

ಇನ್ನು ಬಗೆಹರಿಯದ ಪ್ರಶ್ನೆಯೆಂದರೆ ನೆಲದ್ದು. ಓಡಿನ್ ಥೋರರು ಭಕ್ತನು ಹೋದಲ್ಲಿಗೆ ಬಂದಾರು. ಬಂಡೆಯ ಚೇತನವು ಬಂಡೆಯನ್ನು ಬಿಟ್ಟು ಬರುವುದಿಲ್ಲ. ಹಾಗಾದರೆ ಮಿನೆಸೋಟದಲ್ಲೋ ಮೆಲ್ಬರ್ನ್‌ನಲ್ಲೋ ಇರುವವನು ಮರದ ಬುಡಕ್ಕೆ ಹಾಲನ್ನು ಹೊಯ್ಯುವಾಗ ಅದು ಸಲ್ಲುವುದು ಯಾರಿಗೆ? ಆಸ್ಟ್ರೇಲಿಯದ ಹಲವರು ಋತುಮಾನವನ್ನನುಸರಿಸಿ ಚಳಿಗಾಲದ ಹಬ್ಬವನ್ನು ಜೂನ್ ತಿಂಗಳಿಗೆ ಬದಲಾಯಿಸಿಕೊಂಡಿದ್ದಾರೆ. ಅಮೆರಿಕದಲ್ಲಿ ವಿವೇಕಿಗಳಾದವರು, ಆ ನೆಲಕ್ಕೆ ತಮಗಿಂತ ಮೊದಲೇ ಮೂಲನಿವಾಸಿಗಳೊಡನೆ ಸಂಬಂಧವಿತ್ತೆಂಬುದನ್ನು ನೆನೆದು, ಏನನ್ನೂ ಬೇಡದೆ, ಪರಿಚಯ ಹೇಳಿಕೊಳ್ಳುವ ಅತಿಥಿಗಳಂತೆ ಅರ್ಪಿಸುತ್ತಾರೆ. ಇದಕ್ಕೂ ಪೂರ್ವಪ್ರಮಾಣವುಂಟು. ಐಸ್‌ಲೆಂಡಿಗೆ ಮೊದಲು ಬಂದು ನೆಲಸಿದವರೂ ವಲಸಿಗರೇ. ಅವರ ಪ್ರಾಚೀನ ಶಾಸನವೊಂದರಂತೆ, ತೀರವು ಕಣ್ಣಿಗೆ ಬೀಳುವ ಮೊದಲೇ ಹಡಗಿನ ಮೂತಿಯಲ್ಲಿ ಬಾಯ್ದೆರೆದು ನಿಂತ ಘೋರಮೃಗದ ತಲೆಯನ್ನು ಕಳಚಿ ಒಳಗಿಡಬೇಕಾಗಿತ್ತು. ಆ ನೆಲದ ಚೇತನಗಳು ಬೆದರಬಾರದೆಂಬುದು ಅದಕ್ಕೆ ಕಾರಣ.